ಸತ್ಯಕ್ಕೆ ತಪಾಸಣೆ ಬೇಡ

ಬೀದರ್, ಕ್ರಿ.ಶ. 2391, ಉರಿಮಾಸದ ಮೂವತ್ತೆರಡನೆಯ ದಿನ

ಮಾನ್ಯ ಸುಗಲಾ ಹಲಬರ್ಗೆ ಅವರಿಗೆ,

ನಿಮ್ಮ ಪಂಚಾಂಗದಲ್ಲಿ ಈ ತಿಂಗಳೂ ಇಲ್ಲ, ಈ ದಿನವೂ ಇಲ್ಲ. ಬೇಸಿಗೆ ಉದ್ದವಾದಾಗ ನಾವು ಸೇರಿಸಿಕೊಂಡದ್ದು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಕಡತಗಳಿಂದಲೇ.

ಬಾವಿಗಳ ನೀರಿನ ಬಗ್ಗೆ ನೀವು ಕಟ್ಟಿದ ವೆಬ್‌ಸೈಟ್ ಇನ್ನೂ ನಡೆಯುತ್ತಿದೆ. ನಾವು ಅದನ್ನು ನೀರೋಲೆ ಎನ್ನುತ್ತೇವೆ. ದಿನಾ ಬೆಳಿಗ್ಗೆ ರುಚಿಗಾರರು, ಅಂದರೆ ಬಾವಿಯ ನೀರನ್ನು ನಾಲಿಗೆಗೆ ತಾಗಿಸಿ ನೋಡುವವರು, ಕಡತದಲ್ಲಿ ಒಂದು ಸಾಲು ಬರೆಯುತ್ತಾರೆ. ಆಮೇಲೆ ಯಾರೂ ಏನೂ ಮಾಡಬೇಕಿಲ್ಲ. ನೀವು ಕಂಪ್ಯೂಟರಿಗೆ ಬರೆದಿಟ್ಟ ಸ್ಕ್ರಿಪ್ಟ್ ತಾನೇ ಎದ್ದು, ನಾನೂರು ಬಾವಿಗಳ ಪುಟಗಳನ್ನು ಹೊಸದಾಗಿ ಕಟ್ಟಿ, ಊರೂರಿನ ಹಲಗೆಗಳಿಗೆ ಏರಿಸುತ್ತದೆ. ಜನ ಕೊಡ ಹಿಡಿದು ಹೊರಡುವ ಮೊದಲು ಹಲಗೆ ನೋಡುತ್ತಾರೆ. ಸಿಹಿ ಎಂದಿದ್ದರೆ ಕುಡಿಯುತ್ತಾರೆ, ಕಹಿ ಎಂದಿದ್ದರೆ ದನಕ್ಕೂ ಕುಡಿಸುವುದಿಲ್ಲ. ಸ್ಕ್ರಿಪ್ಟನ್ನು ತೆರೆದು ನೋಡುವ ಧೈರ್ಯ ತಲೆಮಾರುಗಳಿಂದ ಯಾರಿಗೂ ಬಂದಿಲ್ಲ. ನಡೆಯುತ್ತಿರುವುದಕ್ಕೆ ಕೈ ಹಚ್ಚಬಾರದೆಂಬ ಈ ಬುದ್ಧಿ ನಿಮ್ಮ ಕಾಲದವರಿಂದಲೇ ನಮಗೆ ಬಂದಿರಬೇಕು.

ಅದರೊಳಗಿನ ನಿಮ್ಮ ಮಾತೊಂದು ಮಾತ್ರ ಬಾಯಿಂದ ಬಾಯಿಗೆ ಉಳಿದು ಬಂದಿದೆ. "ಸತ್ಯಕ್ಕೆ ತಪಾಸಣೆ ಬೇಡ" ಎಂದು ಎಲ್ಲ ಬಾವಿಕಟ್ಟೆಗಳ ಮೇಲೂ ಕೆತ್ತಿದ್ದೇವೆ. ರುಚಿಗಾರ್ತಿಯಾದ ದಿನ ನಾನು ಅದನ್ನೇ ಹೇಳಿ ಪ್ರಮಾಣ ಮಾಡಿದೆ.

ಹೋದ ತಿಂಗಳು ನನಗೆ ಜ್ವರ ಬಂದು ಗವಿಬಾವಿಗೆ ಹೋಗಲಾಗಲಿಲ್ಲ. ನಿನ್ನೆ ಸಿಹಿಯಿತ್ತು, ಇವತ್ತೂ ಇರುತ್ತದೆ ಎಂದು ಮಲಗಿದಲ್ಲೇ ಸಿಹಿ ಎಂದು ಬರೆದೆ. ರುಚಿ ನೋಡಿದವರ ಹೆಸರು ಹಾಕುವ ಜಾಗದಲ್ಲಿ ನನ್ನ ಹೆಸರು ಬರೆಯಲು ಮನಸ್ಸು ಬರಲಿಲ್ಲ, ಖಾಲಿ ಬಿಟ್ಟೆ. ಆದರೂ ಪುಟ ಏರಿತು. ನನ್ನ ತಮ್ಮ ಕಾಶಪ್ಪ ಹಲಗೆ ನೋಡಿ ಹೋಗಿ, ಆ ನೀರು ಕುಡಿದು ಬಂದ. ಕಹಿಯಾಗಿತ್ತಂತೆ. "ಹಲಗಿ ಮ್ಯಾಲ ಸಿಹಿ ಅಂತ ಅದ ಅಕ್ಕ. ನನ್ನ ಬಾಯೇ ಕೆಟ್ಟಿರಬೇಕು," ಅಂದ. ಮೂರನೆಯ ದಿನ ತೀರಿಕೊಂಡ.

ಅವನನ್ನು ಮಣ್ಣು ಮಾಡಿ ಬಂದು ನಾನು ಸ್ಕ್ರಿಪ್ಟ್ ತೆರೆದೆ. ಹೆಸರಿಲ್ಲದ ಸಾಲು ಬಂದರೆ ಪುಟ ಕಟ್ಟದೆ ನಿಲ್ಲಬೇಕು ಎಂಬ ತಪಾಸಣೆಯನ್ನು ನೀವೇ ಬರೆದಿದ್ದಿರಿ. ಏನು ಅವಸರವಿತ್ತೋ, ಅದರ ಮುಂದೆ ಒಂದು ಗುರುತು ಹಾಕಿ ಆ ತಪಾಸಣೆ ನಡೆಯದಂತೆ ಮಾಡಿ, ಪಕ್ಕದಲ್ಲಿ ಬರೆದಿದ್ದಿರಿ: "ಸದ್ಯಕ್ಕೆ ತಪಾಸಣೆ ಬೇಡ. ನಾಳೆ ಸರಿ ಮಾಡ್ತೀನಿ."

ಸದ್ಯಕ್ಕೆ ಎಂಬ ಶಬ್ದ ನಮ್ಮ ಮಾತಿನಲ್ಲಿ ಉಳಿದಿಲ್ಲ. ಎಂದೋ ಓದಿದ ಹಿರಿಯರೊಬ್ಬರು ಅದನ್ನು ನಿಮ್ಮ ಕೈತಪ್ಪೆಂದು ತಿಳಿದು, ಸತ್ಯಕ್ಕೆ ಎಂದು ತಿದ್ದಿ ಹೇಳಿರಬೇಕು. ನಿಮ್ಮ ಬೇರೆ ಕಡತಗಳಲ್ಲಿ ಹುಡುಕಿ ಅದರ ಅರ್ಥ ತಿಳಿದೆ. ಎರಡು ದಿನ ನಿಮ್ಮನ್ನು ಬೈದೆ. ಆಮೇಲೆ ನಾಚಿಕೆಯಾಯಿತು. ನೀವು ಮುಂದೂಡಿದಿರಿ ನಿಜ, ಆದರೆ ಮಲಗಿದಲ್ಲೇ ಸಿಹಿ ಎಂದು ಬರೆದವಳು ನಾನು.

ಇಲ್ಲಿ ಆ ಗುರುತನ್ನು ಅಳಿಸಿದ್ದೇನೆ. ಕಾಶಪ್ಪನಿಗೆ ಅದರಿಂದ ಏನೂ ಆಗದು. ಅದಕ್ಕೇ ಈ ಪತ್ರವನ್ನು ನಿಮ್ಮ ಕಡತಗಳ ನಡುವೆ, ಕಡತಕ್ಕೆ ನೀವು ಆ ಸಾಲು ಬರೆದ ದಿನದ ದಿನಾಂಕ ಹಾಕಿ ಸೇರಿಸುತ್ತಿದ್ದೇನೆ. ತಲುಪುತ್ತದೋ ಇಲ್ಲವೋ ತಿಳಿಯದು. ತಲುಪಿದರೆ, ಕುರ್ಚಿಯಿಂದ ಏಳುವ ಮೊದಲು ಆ ಸಾಲನ್ನು ಸರಿ ಮಾಡಿ. ಒಂದು ದಿನ ಒಬ್ಬಳು ಹೆಸರಿನ ಜಾಗ ಖಾಲಿ ಬಿಡುತ್ತಾಳೆ. ಅವಳು ಒಳ್ಳೆಯವಳೇ. ಆದರೂ ಅವಳನ್ನು ನಂಬಬೇಡಿ, ತಡೆಯಿರಿ.

ಅಂಬವ್ವ,
ಗವಿಬಾವಿಯ ರುಚಿಗಾರ್ತಿ