ಹಲೀನಾಳ ಒಂಬತ್ತು ಕಾಲೇಜುಗಳು

ಈರಿ, ಪೆನ್ಸಿಲ್ವೇನಿಯ
ಮೇ ೩, ೨೦೨೫

ಪ್ರೀತಿಯ ವಿನಿ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೈಯಬೇಕೆನ್ನಿಸುತ್ತದೋ ಅಷ್ಟೂ ಬೈದುಬಿಡು. ಟೂಸಾನ್‌ನ ಬಿಸಿಲಿಗೆ ನಿನ್ನ ಮಂಡಿನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಇಲ್ಲಿ ಏಪ್ರಿಲ್‌ನಲ್ಲೂ ಹಿಮ ಬಿತ್ತು. ನೀನು ನಿವೃತ್ತಳಾದ ಮೇಲೆ ನಿನ್ನ ಕೋಣೆಯಲ್ಲಿ ಫೋಟೋಕಾಪಿ ಯಂತ್ರ ಇಟ್ಟಿದ್ದಾರೆ, ನಿನ್ನ ಜಾಗಕ್ಕೆ ಯಾರೂ ಬಂದಿಲ್ಲ. ನಾನೂರ ಹನ್ನೆರಡು ಮಕ್ಕಳಿಗೆ ಮುಂದಿನ ಓದಿನ ದಾರಿ ತೋರಿಸಲು ನಾನೊಬ್ಬಳೇ. ಸಂಜೆ ಮನೆಗೆ ಬಂದರೆ ಕೋಟು ಬಿಚ್ಚಲೂ ಮನಸ್ಸಾಗದೆ ಹಾಗೇ ಕುಳಿತುಬಿಡುತ್ತೇನೆ.

ಈ ವರ್ಷದ ಕಾಲೇಜು ಅರ್ಜಿಗಳ ಗಲಾಟೆ ಮೊನ್ನೆ ಮೇ ಒಂದಕ್ಕೆ ಮುಗಿಯಿತು. ಅದರಲ್ಲಿ ಒಬ್ಬ ಹುಡುಗಿಯ ಕಥೆಯನ್ನು ನಿನಗೆ ಹೇಳಲೇಬೇಕು.

ಹೆಸರು ಹಲೀನಾ ಪ್ರೊಕೊಪ್. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದ ಶುಕ್ರವಾರಗಳಲ್ಲಿ ಅವರ ಚರ್ಚಿನಲ್ಲಿ ಮೀನೂಟ ಹಾಕುತ್ತಾರಲ್ಲ, ಅದರ ಲೆಕ್ಕವೆಲ್ಲ ಹದಿನೈದನೆಯ ವಯಸ್ಸಿನಿಂದ ಅವಳದೇ. "ಫಾದರ್, ನಿಮ್ಮ ಕೋಸಿನ ಪಲ್ಯ ಯಾರೂ ತಿನ್ನಲ್ಲ. ಅರ್ಧ ಕಸಕ್ಕೆ ಹೋಗ್ತಿದೆ. ಅದನ್ನ ಬಿಟ್ಟು ಪಿಯೆರೋಗಿ ಕಡುಬು ಜಾಸ್ತಿ ಮಾಡಿ" ಎಂದು ಪಾದ್ರಿಗೇ ಹೇಳಿದವಳು. ಕಳೆದ ಸೆಪ್ಟೆಂಬರಿನಲ್ಲಿ ನನ್ನ ಮುಂದೆ ಕುಳಿತು, "ಮಿಸ್, ನಂಗೆ ಹಣಕಾಸು ಓದ್ಬೇಕು. ದುಡ್ಡು ಮಾಡೋಕಲ್ಲ. ದುಡ್ಡು ಎಲ್ಲಿಂದ ಎಲ್ಲಿಗೆ ಓಡತ್ತೆ ಅಂತ ನೋಡೋಕೆ" ಎಂದಳು. ಬಹಳ ದಿನಗಳ ಮೇಲೆ ನನಗೆ ನಗು ಬಂತು.

ಇಬ್ಬರೂ ಸೇರಿ ಎರಡು ವಾರ ಪಟ್ಟಿ ಮಾಡಿದೆವು. ನೀನು ನನಗೆ ಕಲಿಸಿದ ಹಾಗೆಯೇ: ಸಿಕ್ಕರೆ ಅದೃಷ್ಟ ಎನ್ನುವಂಥವು ಮೂರು, ಅವಳ ಅಂಕಗಳಿಗೆ ಸರಿಹೊಂದುವಂಥವು ನಾಲ್ಕು, ಖಂಡಿತ ಸಿಗುವಂಥವು ಎರಡು. ಬರೀ ಹೆಸರು ನೋಡಲಿಲ್ಲ. ಮೊದಲ ವರ್ಷವೇ ಹಣಕಾಸು ವಿಭಾಗಕ್ಕೆ ಸೇರಿಸಿಕೊಳ್ಳುತ್ತಾರೋ, ಎರಡು ವರ್ಷ ಕಾಯಿಸಿ ಆಮೇಲೆ ಬೇರೆ ಪರೀಕ್ಷೆ ಒಡ್ಡುತ್ತಾರೋ, ಬೇಸಿಗೆಯಲ್ಲಿ ಪಿಟ್ಸ್‌ಬರ್ಗಿನ ಬ್ಯಾಂಕುಗಳು ಅಲ್ಲಿಂದ ಮಕ್ಕಳನ್ನು ಕೆಲಸ ಕಲಿಯಲು ಕರೆಯುತ್ತವೋ, ಎಲ್ಲ ಕೆದಕಿದೆವು. ಖಂಡಿತ ಸಿಗುವ ಎರಡರಲ್ಲಿ ಒಂದು, ಇಲ್ಲಿಂದ ಎರಡು ಗಂಟೆ ದೂರದ ಸರ್ಕಾರಿ ವಿಶ್ವವಿದ್ಯಾಲಯ, ಅವಳಿಗೆ ನಿಜವಾಗಿಯೂ ಹಿಡಿಸಿತು. ಅಲ್ಲಿ ವಿದ್ಯಾರ್ಥಿಗಳೇ ನಿಜವಾದ ಷೇರುಗಳನ್ನು ಕೊಂಡು ಮಾರುತ್ತಾರಂತೆ.

ಪಟ್ಟಿ ಮನೆಗೆ ಹೋದ ಮರುದಿನವೇ ಅವಳ ಅಪ್ಪ ಬಂದ. ಕಾಸಿಮಿರ್ ಪ್ರೊಕೊಪ್. ನೆನಪಿದೆಯೇ ನಿನಗೆ? ತೊಂಬತ್ತಮೂರರಲ್ಲಿ ನಮ್ಮ ಶಾಲೆಯಲ್ಲೇ ಓದಿ ಹೊರಬಿದ್ದವನು, ದಿನಪತ್ರಿಕೆಯ ಷೇರುಪುಟವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದವನು. ಕಾರ್ಖಾನೆಗೆ ಸೇರಿದ್ದ, ಎರಡು ಸಲ ಕೆಲಸ ಹೋಯಿತು, ಈಗ ನಗರದ ರಸ್ತೆಗಳಲ್ಲಿ ಹಿಮ ಎತ್ತುವ ಲಾರಿ ಓಡಿಸುತ್ತಾನೆ. ಕುಳಿತುಕೊಳ್ಳಲಿಲ್ಲ. ಟೊಪ್ಪಿಯನ್ನೂ ತೆಗೆಯಲಿಲ್ಲ.

"ಮಿಸ್ ಕೀಲರ್, ಇದೇನಿದು? ಕೆಳಗಡೆ ಇರೋ ಇವೆಲ್ಲ ಯಾಕೆ?"

"ಮೇಲಿನವು ಸಿಗದಿದ್ದರೆ ಕೈಯಲ್ಲಿ ಏನಾದರೂ ಇರಲಿ ಅಂತ, ಕಾಜ್."

"ನಂಗೂ ಹಿಂಗೇ ಅಂದಿದ್ರಿ ಅಲ್ವಾ? ಇದೇ ಕೋಣೇಲಿ. ‘ಆ ದೊಡ್ಡ ಕಾಲೇಜಿಗೆ ಹಾಕಿ ಮನಸ್ಸು ನೋಯಿಸ್ಕೋಬೇಡ, ಕಾರ್ಖಾನೆ ಕೆಲಸ ಗಟ್ಟಿ’ ಅಂತ. ಹದಿನೇಳು ವರ್ಷ ನಂಗೆ. ನಂಬಿದೆ. ನನ್ನ ಮಗಳಿಗೆ ಹಂಗೆ ಹೇಳ್ಬೇಡಿ. ಮೇಲಿನವಕ್ಕೇ ಹಾಕಲಿ, ಅಂಥವೇ ಇನ್ನೂ ಆರು ಸೇರಿಸಿ."

ಹಲೀನಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಎಲ್ಲಾನೂ ಒಂದೇ ಕಡೆ ಹಾಕೋದು ಜೂಜು ಅಂತಾರೆ" ಎಂದಳು.

"ನೀನು ಸುಮ್ನಿರು. ನೀನು ಸಿಗದೇ ಇರೋಷ್ಟು ದಡ್ಡಿ ಅಲ್ಲ."

ವಿನಿ, ನಾನು ಅವನಿಗೆ ಎದುರು ಹೇಳಬೇಕಿತ್ತು. ಮೂವತ್ತು ಚಿಲ್ಲರೆ ವರ್ಷದಿಂದ ಎಷ್ಟು ಅಪ್ಪಂದಿರಿಗೆ ಹೇಳಿಲ್ಲ? ಅವನ ಮುಖ ನೋಡಿದೆ. ಪೆನ್ನು ತೆಗೆದುಕೊಂಡು ಕೆಳಗಿನ ಆರನ್ನೂ ನಾನೇ ಹೊಡೆದುಹಾಕಿದೆ. ಅವನು ಹೇಳಿದ ಹೆಸರುಗಳನ್ನು ನನ್ನ ಕೈಯಾರೆ ಬರೆದೆ.

ಮಾರ್ಚ್ ಕೊನೆಗೆ ಉತ್ತರಗಳು ಬಂದವು. ಒಂಬತ್ತರಲ್ಲಿ ಎಂಟು ಇಲ್ಲ ಎಂದವು. ಒಂದು ಕಾಯುವ ಪಟ್ಟಿಗೆ ಹಾಕಿತು, ಆ ಪಟ್ಟಿಯಿಂದ ಯಾರನ್ನೂ ಕರೆಯುವುದಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಂದು ಅವಳು ಶಾಲೆಗೆ ಬರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಗೊತ್ತಿರುವ ಪ್ರವೇಶ ಕಚೇರಿಗಳಿಗೆಲ್ಲ ಫೋನು ಮಾಡಿ, ಎಲ್ಲಾದರೂ ಜಾಗ ಉಳಿದಿದೆಯೇ ಎಂದು ಬೇಡಿದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿದ್ದುಹೋಗಿತ್ತು.

ಮರುದಿನ ಅವಳೇ ಬಂದಳು. ಕಣ್ಣು ಊದಿತ್ತು. ಒಂದು ಪತ್ರವನ್ನು ಮೇಜಿನ ಮೇಲಿಟ್ಟಳು. ಆ ಸರ್ಕಾರಿ ವಿಶ್ವವಿದ್ಯಾಲಯದ್ದು, ಪ್ರತಿಭಾ ವೇತನದ ಸಮೇತ. ತಾರೀಖು ನೋಡಿದರೆ ನವೆಂಬರ್!

"ನೀವು ಹೊಡೆದುಹಾಕೋ ಮುಂಚೆನೇ ಪಟ್ಟಿದು ಫೋಟೋ ತೆಗೆದಿದ್ದೆ, ಮಿಸ್. ಅದೊಂದಕ್ಕೆ ನಾನೇ ಹಾಕಿದೆ. ಅಂಕಪಟ್ಟಿನ ಆಫೀಸಲ್ಲಿ ಕೇಳಿ ಕಳಿಸಿದೆ. ನಿಮಗೆ ನಾನೂರು ಜನ, ಗೊತ್ತಾಗಲ್ಲ ಅಂತ ಗೊತ್ತಿತ್ತು."

"ನನಗಾದರೂ ಹೇಳಬಾರದಿತ್ತೇ?"

"ನೀವು ಅಪ್ಪಂಗೆ ಹೆದರಿದ್ರಿ. ಹೆದರಿದೋರಿಗೆ ಗುಟ್ಟು ಹೇಳೋದು ಹೆಂಗೆ?"

ಅವಳು ಕೊಂಕು ನುಡಿಯಲಿಲ್ಲ, ಇದ್ದದ್ದನ್ನು ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಅಪ್ಪನಿಗೆ ಹೇಳುವಾಗ ನೀವೂ ಇರಬೇಕು ಎಂದಳು. ಅವನು ಕೆಲಸದ ಬಟ್ಟೆಯಲ್ಲೇ ಬಂದ. ಪತ್ರವನ್ನು ಎರಡು ಸಲ ಓದಿದ. ಮಗಳ ಕಡೆ ತಿರುಗಿ, "ನನ್ನ ಬೆನ್ನ ಹಿಂದೆ ಮಾಡ್ದೆ" ಎಂದ.

"ಹೂಂ. ನಿನ್ನ ಮುಂದೆ ಮಾಡೋಕೆ ನೀನು ಬಿಡ್ಲಿಲ್ಲ."

ಅವನು ಪತ್ರದಲ್ಲಿ ವಿದ್ಯಾರ್ಥಿಗಳ ಷೇರು ವ್ಯವಹಾರದ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ, "ಷೇರು ನಿಜವಾದವೇನಾ?" ಎಂದು ಕೇಳಿದ. ನಿಜವಾದವೇ ಎಂದಳು. "ಸರಿ. ಹಂಗಾದ್ರೆ ನಂಗೂ ಫೋನಲ್ಲಿ ಹೇಳ್ತಿರು, ಏನು ತಗೊಂಡ್ರಿ ಅಂತ" ಎಂದ. ಅಷ್ಟೇ. ಮೊನ್ನೆ ಒಪ್ಪಿಗೆಪತ್ರಕ್ಕೆ ಸಹಿ ಬಿತ್ತು. ಹೊರಡುವಾಗ ಕಾಜ್ ನನ್ನ ಕೈ ಕುಲುಕಿ, "ಮಿಸ್ ಕೀಲರ್, ಅವತ್ತು ಜೋರು ಮಾಡ್ದೆ, ತಪ್ಪಾಯ್ತು. ನೀವು ಆಗ್ಲೂ ನನ್ನ ಒಳ್ಳೇದಕ್ಕೇ ಹೇಳಿರ್ತೀರಿ" ಎಂದ.

ಸೆಪ್ಟೆಂಬರಿಗೆ ಮತ್ತೆ ನಾನೂರು ಮಕ್ಕಳು ಬರುತ್ತಾರೆ. ನಾನು ಈ ಕೆಲಸದಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ನೀನು ಬಿಸಿಲಲ್ಲಿ ಕಾಲು ಚಾಚಿ ಕುಳಿತಿರು. ಒಳ್ಳೆಯ ನಿದ್ದೆ ಬರಲಿ, ಮಂಡಿ ನೋಯದಿರಲಿ, ನಿನ್ನ ದಿನಗಳು ಹಗುರಾಗಿ ಕಳೆಯಲಿ.

ನಿನ್ನ,
ಲೋರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿಸಿದ್ದು. ಕಾಜ್‌ಗೆ ಅಂದು ಬೇಡ ಎಂದದ್ದು ಅವನ ಒಳ್ಳೆಯದಕ್ಕಲ್ಲ. ಆ ದೊಡ್ಡ ಕಾಲೇಜು ನಮ್ಮ ಶಾಲೆಯಿಂದ ವರ್ಷಕ್ಕೆ ಒಬ್ಬರಿಗಿಂತ ಹೆಚ್ಚು ತೆಗೆದುಕೊಂಡದ್ದಿಲ್ಲ. ಆ ವರ್ಷ ನಿನ್ನ ಮಗ ಡೆರಿಕ್ ಅಲ್ಲಿಗೆ ಅರ್ಜಿ ಹಾಕಿದ್ದ, ಕಾಜ್‌ನ ಅಂಕಗಳು ಅವನಿಗಿಂತ ಮೇಲಿದ್ದವು. ನೀನು ನನ್ನನ್ನು ಏನೂ ಕೇಳಿರಲಿಲ್ಲ, ವಿನಿ. ನನಗೆ ಈ ಕೆಲಸ ಕೊಡಿಸಿದವಳು ನೀನು, ಅಮ್ಮ ಸತ್ತಾಗ ನನ್ನನ್ನು ಮನೆಯಲ್ಲಿಟ್ಟುಕೊಂಡವಳು ನೀನು. ನಾನೇ ದಾರಿ ಖಾಲಿ ಮಾಡಿದೆ. ಡೆರಿಕ್ ಒಂದೂವರೆ ವರ್ಷಕ್ಕೆ ಅದನ್ನು ಬಿಟ್ಟುಬಂದ, ಈಗ ದೋಣಿ ಕಟ್ಟಿಕೊಂಡು ಸುಖವಾಗಿದ್ದಾನೆ. ಅದಕ್ಕೆ ನನಗೆ ಸಂತೋಷವೇ, ದೇವರಾಣೆ. ಆದರೆ ಕಾಜ್ ನನ್ನ ಕೈ ಕುಲುಕಿ ಕ್ಷಮೆ ಕೇಳಿದ, ನಾನು ಕೈ ಕೊಟ್ಟೆ. ಈ ಪತ್ರವನ್ನು ಅಂಚೆಗೆ ಹಾಕಿ ನೇರ ಅವನ ಮನೆಗೆ ಹೋಗಿ ಇದನ್ನು ಹೇಳುತ್ತೇನೆ. ಡೆರಿಕ್‌ನ ಹೆಸರು ಎತ್ತುವುದಿಲ್ಲ. ಆ ತಪ್ಪಿಗೆ ನನ್ನ ಹೆಸರೊಂದೇ ಸಾಕು.