ಸತ್ತವನು ತಿರುಗಿ ನೋಡಬಾರದು

ಕ್ಯೋತೊ, 1957

ಅಕ್ಟೋಬರ್ 2
ಕುರಾಮೊಟೊ ಇಂದೂ ನಾಲ್ಕು ಸಲ ಸತ್ತರು. ಮೂರು ಸಲ ಸೇತುವೆಯ ಮೇಲೆ, ಒಂದು ಸಲ ಕೆಸರಿನಲ್ಲಿ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ — ನಾಯಕನ ಕತ್ತಿಗೆ ಸಿಕ್ಕಿ ಬೀಳುವುದು. ಸಾಯುವವನ ಮುಖ ಕ್ಯಾಮೆರಾಕ್ಕೆ ಕಾಣಬಾರದು. ಕಾಣದಿದ್ದರೆ ತಾನೇ ಮುಂದಿನ ದೃಶ್ಯದಲ್ಲಿ ಮತ್ತೆ ಸಾಯಲು ಆಗುವುದು!
ನನ್ನದು ಕಂಟಿನ್ಯುಟಿ ಪುಸ್ತಕ, ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ ತಪ್ಪದಂತೆ ಬರೆದಿಡುವುದು. ಕತ್ತಿ ಯಾವ ಕೈಯಲ್ಲಿ, ಬಟ್ಟಲಲ್ಲಿ ಚಹಾ ಎಷ್ಟು... ಇಂದು ನಾಯಕನ ತೋಳಿನ ರಕ್ತ ಬರೆಯಲು ಮರೆತೆ. ಕುರಾಮೊಟೊ ಅವರ ಹುಲ್ಲುಚಪ್ಪಲಿ ಎಲ್ಲಿ ಕಿತ್ತಿದೆ ಎಂದು ಮಾತ್ರ ಮೂರು ಸಾಲು. ನಾಚಿಕೆಗೇಡು.

ಅಕ್ಟೋಬರ್ 9
ಚಹಾ ದೃಶ್ಯ. ಅಂಗರಕ್ಷಕ ತನ್ನ ಒಡೆಯನ ವಿಧವೆಗೆ ಚಹಾ ತರಬೇಕು. ಅವಳಿಗೆ ಆಸೆಪಟ್ಟರೆ ಅವನ ತಲೆ ಹೋಗುತ್ತದೆ. ಅದಕ್ಕಿಂತ ನಮ್ಮ ಸ್ಟುಡಿಯೋನೇ ವಾಸಿ — ನಟರ ಜೊತೆ ಪ್ರೀತಿ ಎಂದರೆ ಕೆಲಸ ಮಾತ್ರ ಹೋಗುತ್ತದೆ.
"ಕಣ್ಣೆತ್ತಬೇಡಿ ಸ್ವಾಮೀ!" ನಿರ್ದೇಶಕ ಇಸೊಗಾಯಿ ಅಂಗರಕ್ಷಕನ ವೇಷದ ನಾಯಕನಿಗೆ ಅಂಗಲಾಚಿದರು. "ಆಸೆ ಬೆನ್ನಲ್ಲಿ ಕಾಣ್ಬೇಕು, ಬೆನ್ನಲ್ಲಿ!"
ಹದಿನೇಳು ಟೇಕ್. ನಾಯಕನ ಬೆನ್ನಲ್ಲಿ ಬೆವರು ಬಿಟ್ಟರೆ ಏನೂ ಕಾಣಲಿಲ್ಲ.

ಅಕ್ಟೋಬರ್ 10, ಊಟದ ಹೊತ್ತು
ಕುರಾಮೊಟೊ ಕುತ್ತಿಗೆಯ ರಕ್ತವನ್ನೂ ಒರೆಸದೆ ಓಡಿ ಬಂದರು.
"ಮಿತ್ಸುಯೊ ಅವ್ರೇ, ನಿಮ್ಗೇ ಮೊದ್ಲು ಹೇಳ್ತಿರೋದು. ನಂಗೆ ಮಾತು ಸಿಕ್ತು!"
"ಏನ್ ಮಾತು?"
"ದೇವಸ್ಥಾನದ ಕಾವಲುಗಾರ. 'ಒಡತಿ ಊರಲ್ಲಿಲ್ಲ.' ಮುಖ ತೋರ್ಸಿ ಹೇಳ್ಬೇಕು! ಇಷ್ಟು ವರ್ಷ ಅಮ್ಮನಿಗೆ 'ಅಗೋ, ಆ ಬೆನ್ನು ನಂದು' ಅಂದ್ರೆ ನಂಬ್ತಾನೇ ಇರ್ಲಿಲ್ಲ."
ಒಂಬತ್ತು ಬಗೆಯಲ್ಲಿ ಹೇಳಿ ತೋರಿಸಿದರು. ನನ್ನ ನೂಡಲ್ಸ್ ಆರಿಹೋಯಿತು.

ಅಕ್ಟೋಬರ್ 14
ಸೇತುವೆಯ ರಷ್, ಅಂದರೆ ತೊಳೆದು ಬಂದ ಕಚ್ಚಾ ಫಿಲ್ಮು, ನೋಡಿದೆ. ಮೂರನೆಯ ಸಾವು... ಬೀಳುತ್ತಾ ಬೀಳುತ್ತಾ ಕುರಾಮೊಟೊ ಮುಖ ತಿರುಗಿಸಿದ್ದಾರೆ! ಹತ್ತೊಂಬತ್ತು ವರ್ಷದ ಶಿಸ್ತು ನೀರುಪಾಲು. ನೋಡಿದ್ದು ಕ್ಯಾಮೆರಾದ ಪಕ್ಕಕ್ಕೆ. ಪಕ್ಕದಲ್ಲಿ ನಿಂತಿದ್ದವಳು ನಾನು.
ಖುಷಿಯಾಯಿತು. ಆಮೇಲೆ ಕೆಲಸ ನೆನಪಾಯಿತು. ಕಥೆಯಲ್ಲಿದ್ದಂತೆ ಸೇತುವೆಯ ಸೆಟ್ ಸುಟ್ಟಾಗಿದೆ, ದೃಶ್ಯ ಮತ್ತೆ ತೆಗೆಯುವಂತಿಲ್ಲ. ಸೇತುವೆಯಲ್ಲಿ ಮುಖ ತೋರಿಸಿ ಸತ್ತವನು ದೇವಸ್ಥಾನ ಕಾಯುವುದುಂಟೆ? ಹೇಳಿದರೆ ಅವರಿಗೆ ಸಿಕ್ಕ ಆ ಒಂದು ಮಾತು ಹೋಗುತ್ತದೆ. ಹೇಳದಿದ್ದರೆ ನಾನು ಪುಸ್ತಕ ಹಿಡಿದು ಏನು ಪ್ರಯೋಜನ?

ಅಕ್ಟೋಬರ್ 15
ಹೇಳಲಿಲ್ಲ.

ಅಕ್ಟೋಬರ್ 17
ಇಸೊಗಾಯಿ ಅವರ ಕೋಣೆಗೆ ಹೇಳಲು ಹೋದೆ. ಕುರಾಮೊಟೊ ಆಗಲೇ ಅಲ್ಲಿ ತಲೆತಗ್ಗಿಸಿ ನಿಂತಿದ್ದರು.
"ಹೆಣ ತಿರುಗಿ ನೋಡ್ಬಿಡ್ತು ಸಾರ್. ತಪ್ಪು ನಂದೇ. ಆ ಮಾತು ಬೇರೆಯವ್ರಿಗೆ ಕೊಡಿ."
"ಯಾರ್ನಯ್ಯಾ ನೋಡ್ದೆ?"
ನಾನು ಬಾಗಿಲಲ್ಲೇ ಕಲ್ಲಾದೆ. ಕುರಾಮೊಟೊ ಗೋಡೆ ಕಡೆ ತಿರುಗಿ ನಿಂತರು. ಇಸೊಗಾಯಿ ಆ ಬೆನ್ನನ್ನೇ ನೋಡಿದರು. ಬಹಳ ಹೊತ್ತು. ಆಮೇಲೆ ಕುರ್ಚಿ ಬೀಳುವಂತೆ ಎದ್ದರು.
"ಅಯ್ಯೋ, ಇದೇ ಬೆನ್ನು! ಯಾರಲ್ಲಿ, ನಾಯಕನ ಜುಟ್ಟಿನ ಟೋಪನ್ ತನ್ನಿ!"

ಅಕ್ಟೋಬರ್ 18
ನಾಯಕನ ಉಡುಪು, ಕುರಾಮೊಟೊ ಬೆನ್ನು. ವಿಧವೆಯ ಮುಖ ಶಾಟ್‌ನಲ್ಲಿಲ್ಲ. ಹಾಗಾಗಿ ಅವಳ ಜಾಗದಲ್ಲಿ ನನ್ನನ್ನು ಕೂರಿಸಿದರು. ಕುರಾಮೊಟೊ ಚಹಾ ತಂದರು, ಕಣ್ಣೆತ್ತಲಿಲ್ಲ. ಬಟ್ಟಲನ್ನು ನನ್ನ ಮುಂದಿಟ್ಟು ಹಿಂದೆ ಸರಿದರು. ಒಂದೇ ಟೇಕ್! ಇಸೊಗಾಯಿ ಮೂಗೊರೆಸಿಕೊಂಡರು.
"ಮತ್ತೆ ಬೆನ್ನೇ ಆಯ್ತು," ಎಂದರು ಕುರಾಮೊಟೊ ಮೆಲ್ಲಗೆ. "ಅಮ್ಮ ನಂಬಲ್ಲ."
"ನಾನು ಬಂದು ಹೇಳ್ತೀನಿ. ಪುಸ್ತಕ ತರ್ತೀನಿ. ಎಲ್ಲಾ ಬರೆದಿಟ್ಟಿದೀನಿ."
"ಎಲ್ಲಾ?"
"ಚಪ್ಪಲಿ ಸಮೇತ."
ಆಗ ಕಣ್ಣೆತ್ತಿದರು. ನನಗೆ ಏನು ಮಾಡಬೇಕೋ ತೋಚದೆ ಚಹಾ ಕುಡಿದುಬಿಟ್ಟೆ.
ಮುಂದಿನ ಶಾಟ್‌ಗೆ ಬಟ್ಟಲು ಮೊದಲಿದ್ದಷ್ಟೇ ತುಂಬಿರಬೇಕು. ಎಷ್ಟಿತ್ತು? ದೇವರಾಣೆ ನೋಡಿಲ್ಲ. ಪುಸ್ತಕದಲ್ಲಿ ಇಷ್ಟೇ ಬರೆದಿದ್ದೇನೆ: ಬಟ್ಟಲು — ಖಾಲಿ. ಕುಡಿದವಳು — ವಿಧವೆಯಲ್ಲ, ನಾನು.