ಹದಿನಾರರ ಚೌಕ

ಗದಗ, ೨೧೭೧ನೇ ಇಸವಿಯ ಫೆಬ್ರವರಿ ಮೂವತ್ತು

ಮಾನ್ಯ ನೀಲಗಂಗಾ ಸೂಡಿ ಟೀಚರ್ ಅವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನೂರೈವತ್ತು ವರ್ಷಗಳಲ್ಲಿ ಭಾಷೆ ತುಸು ಸವೆದಿದೆ. ನಾನು ಜ್ವರಶೇಷ ಕಚೇರಿಯ ಗುಮಾಸ್ತ. ಜ್ವರ ಇಳಿದ ಮೇಲೂ ಮೈಯಲ್ಲಿ ಉಳಿದುಹೋಗುವುದಕ್ಕೆ ನಾವು ಜ್ವರಶೇಷ ಎನ್ನುತ್ತೇವೆ. ಹಳೆಯ ರೋಗಿಗಳ ಬರಹಗಳನ್ನು ಓದಿ ವಿಂಗಡಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಓದಿದ್ದೇನೆ. ಯಾರಿಗೂ ಉತ್ತರ ಬರೆದವನಲ್ಲ.

ನಿಮ್ಮ ಪುಸ್ತಕ ಮನೆಯಲ್ಲಿ ನನ್ನ ಮೇಜಿನ ಮೇಲಿದೆ. ಪ್ರೌಢಶಾಲೆಯ ಹಾಜರಿ ಪುಸ್ತಕ, ನೀಲಿ ರಟ್ಟು. ಪಿ.ಟಿ. ಟೀಚರ್ ಆದ ನೀವು, ೨೦೨೧ರಲ್ಲಿ ಸೋಂಕು ಬಂದುಹೋದ ಎರಡು ತಿಂಗಳಿಗೆ, ಮಕ್ಕಳ ಹೆಸರಿರಬೇಕಾದ ಜಾಗದಲ್ಲಿ ಕಾಲು, ಉಸಿರು, ನೆನಪು, ನಿದ್ದೆ, ಮೂಗು ಎಂದು ಬರೆದಿರಿ. ಪ್ರತಿ ಸಂಜೆ ಹಾಜರಿ ಕರೆದಿರಿ. ಬಂದವರಿಗೆ ‘ಹಾ’, ಬಾರದವರಿಗೆ ‘ಗೈ’. ಅಂಚಿನಲ್ಲಿ ಜನ ಆಡಿದ ಮಾತುಗಳಿವೆ. ಗಣಿತದ ಮೇಷ್ಟ್ರದು: “ಏನ್ರಿ ಟೀಚರ್, ಪಿ.ಟಿ. ಮಾಡಸೋರಿಗೇ ಮೆಟ್ಟಲಾ ಹತ್ತಿದ್ರ ದಮ್ಮ ಬರತೈತಿ? ಸೀಟಿ ನಮ್ಮ ಕೈಯಾಗ ಕೊಡ್ರಿ ಮತ್ತ!” ನಿಮ್ಮ ನಾದಿನಿಯದು: “ವೈನಿ, ಸಾರಿಗೆ ಎರಡು ಸಲ ಉಪ್ಪು ಬಿದ್ದೈತಿ. ನೆನಪು ಗೈರು ಅಂತ ಬರಕೋ ನೀ.” ಅದರ ಕೆಳಗೆ ನೀವು ಬರೆದುಕೊಂಡೇ ಇದ್ದೀರಿ: ನೆನಪು, ಗೈ.

ಡಿಸೆಂಬರ್ ಹದಿನಾಲ್ಕರಂದು ರಜೆ ಮುಂದುವರಿಸಿಕೊಳ್ಳಲು ಮೆಡಿಕಲ್ ಬೋರ್ಡಿನ ಮುಂದೆ ಹೋದಿರಿ. ಅದಕ್ಕಾಗಿ ಮೂರು ದಿನ ಮಲಗಿ ಶಕ್ತಿ ಕೂಡಿಸಿಕೊಂಡಿದ್ದಿರಿ. ಮೆಟ್ಟಿಲು ಹತ್ತಿಸಿದರು, ಹತ್ತಿದಿರಿ. ವೈದ್ಯರೆಂದರು: “ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ ಟೀಚರ್. ಸುಮ್ಮನ ಮನಸಿಗೆ ಹಚ್ಕೊಂಡೀರಿ. ನಾಳಿಂದ ಡ್ಯೂಟಿಗೆ ಹೋಗ್ರಿ.” ಆ ದಿನ ಐದು ಹೆಸರಿಗೂ ‘ಹಾ’. ಕೆಳಗೆ ಒಂದು ಸಾಲು: ಅವರು ಹೇಳೋದೇ ಖರೆ ಇರಬಹುದು, ಈ ಪುಸ್ತಕ ನಾಳೆ ರದ್ದಿಗೆ. ಅಲ್ಲಿಂದ ಮುಂದೆ ಹಾಳೆ ಹರಿದಿದೆ. ಮುಂದಿನ ಚೌಕಗಳು ನಮ್ಮಲ್ಲಿಲ್ಲ. ನೀವು ಬರೆಯಲಿಲ್ಲವೋ, ಬರೆದದ್ದು ಉಳಿಯಲಿಲ್ಲವೋ, ಯಾರಿಗೂ ತಿಳಿಯದು.

ಹಿಂದಿನ ಐದು ತಿಂಗಳನ್ನು ದಯವಿಟ್ಟು ಅಡ್ಡಲಾಗಿ ಓದಿ. ಆಗಸ್ಟಿನಲ್ಲಿ ಕವಾಯತು ಮಾಡಿಸಿದ ದಿನ ಎಲ್ಲ ‘ಹಾ’; ಮರುದಿನವೂ ‘ಹಾ’; ಮೂರನೆಯ ದಿನ ಕಾಲು, ನೆನಪು, ನಿದ್ದೆ ಮೂರೂ ‘ಗೈ’, ಬಾಚಣಿಗೆ ಎತ್ತಲಾಗಲಿಲ್ಲ ಎಂಬ ಟಿಪ್ಪಣಿ. ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೆ ಹೋದ ದಿನ ‘ಹಾ’, ಮೂರನೆಯ ದಿನ ಮತ್ತೆ ಅದೇ. ಹೋಗಲು ಆಗುವ ದಿನವೇ ಮನುಷ್ಯ ಆಸ್ಪತ್ರೆಗೆ ಹೋಗುತ್ತಾನೆ. ವೈದ್ಯರು ಸುಳ್ಳು ಹೇಳಲಿಲ್ಲ. ಅವರು ನೋಡಿದ್ದು ಒಂದು ಚೌಕವನ್ನು, ಇಡೀ ಸಾಲು ಇದ್ದದ್ದು ನಿಮ್ಮ ಬಳಿ. ನವೆಂಬರನ್ನೂ ನೋಡಿ. ದಣಿಯುವ ಮೊದಲೇ ಕೂತುಬಿಟ್ಟ ವಾರಗಳಲ್ಲಿ ‘ಗೈ’ಗಳು ಒಂದರಿಂದೊಂದು ದೂರ ಸರಿದಿವೆ.

ಕಾರಣವೇನೆಂದು ಕೇಳುತ್ತೀರಿ. ನಾವೂ ಬಹಳ ಕಾಲ ಒಂದೇ ಕಾರಣ ಹುಡುಕಿದೆವು. ವೈರಾಣುವಿನ ಚೂರುಗಳು ಕರುಳಿನಲ್ಲಿ ಅಡಗಿವೆ ಎಂದರು ಕೆಲವರು. ಸೋಂಕು ಹೋದರೂ ಮೈಯ ಕಾವಲು ಪಡೆ ಮನೆಗೆ ಮರಳದೆ ತನ್ನವರನ್ನೇ ಹೊಡೆಯುತ್ತಿದೆ ಎಂದರು ಇನ್ನು ಕೆಲವರು. ಸಣ್ಣ ರಕ್ತನಾಳಗಳಲ್ಲಿನ ಹೆಪ್ಪು, ಮೊದಲೇ ಮೈಯಲ್ಲಿ ಮಲಗಿದ್ದ ಬೇರೆ ವೈರಾಣುಗಳು ಎದ್ದದ್ದು, ಎದೆಬಡಿತ ನಡೆಸುವ ನರಗಳ ಏರುಪೇರು, ಜೀವಕೋಶಗಳು ಸಾಕಷ್ಟು ಶಕ್ತಿ ತಯಾರಿಸಲಾರದೆ ಹೋದದ್ದು; ಒಬ್ಬೊಬ್ಬರದು ಒಂದೊಂದು ವಾದ. ಸಾವಿರಾರು ಹಾಜರಿಗಳನ್ನು ಪಕ್ಕಪಕ್ಕ ಇಟ್ಟಾಗ ಜಗಳ ತಣ್ಣಗಾಯಿತು. ವಾಸನೆ ತಿಳಿಯದೆ ಮೂಗು ಮಾತ್ರ ಗೈರಾದವರು ಬೇರೆ, ಮೂರನೆಯ ದಿನ ಬೀಳುವವರು ಬೇರೆ. ಕೆಲವರಲ್ಲಿ ಎರಡು ಮೂರು ಕಾರಣ ಒಟ್ಟಿಗೆ. ಔಷಧಿಗಳೂ ಹಾಗೆಯೇ ಬೇರೆಯಾದವು. ಎಲ್ಲ ತಿಳಿದಿದೆ ಎನ್ನಲಾರೆ.

ನಮ್ಮ ಮೆಟ್ಟಿಲುಗಳ ತಿರುವಿನಲ್ಲೆಲ್ಲ ಕಲ್ಲಿನ ಆಸನವಿದೆ, ಅದಕ್ಕೆ ದಮ್ಮುಗಲ್ಲು ಎನ್ನುತ್ತೇವೆ. ಕೂತವರನ್ನು ಯಾಕೆ ಎಂದು ಕೇಳುವುದು ಅಸಭ್ಯತೆ. ಕೆಲಸಕ್ಕೆ ಮರಳುವವರನ್ನು ಮೂರನೆಯ ದಿನ ನೋಡಿಯೇ ವೈದ್ಯರು ಸಹಿ ಹಾಕುತ್ತಾರೆ. ಯಾವ ಜ್ವರ ಬಂದರೂ ನೂರು ದಿನ ಮನೆಯವರು ಹಾಜರಿ ಬರೆಯಬೇಕು. ಅದಕ್ಕಾಗಿ ಅಂಗಡಿಯಲ್ಲಿ ನೀಲಿ ರಟ್ಟಿನ ಪುಸ್ತಕ ಸಿಗುತ್ತದೆ. ಜನ ಅದನ್ನು “ಒಂದು ಟೀಚರ್ ಕೊಡ್ರಿ” ಎಂದು ಕೇಳಿ ಕೊಳ್ಳುತ್ತಾರೆ. ಯಾವ ಟೀಚರ್ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ.

ನನ್ನ ಮಗಳು ಗುರಸಿದ್ದವ್ವನಿಗೆ (ಹಳೆಯ ಹೆಸರುಗಳು ನಮ್ಮಲ್ಲಿ ಮತ್ತೆ ಚಾಲ್ತಿಗೆ ಬಂದಿವೆ) ಜ್ವರ ಬಂದು ಇಂದಿಗೆ ಅರವತ್ತೆರಡನೆಯ ದಿನ. ಇಷ್ಟು ದಿನವೂ ಮೂಗಿನ ಸಾಲಿನಲ್ಲಿ ಒಂದೇ ಅಕ್ಷರ ಬರೆದಿದ್ದೇನೆ: ‘ಗೈ’. ನಾನು ಭಾವುಕನಲ್ಲ. ಆ ಸಾಲಿನಲ್ಲಿ ನನ್ನ ಕೈಬರಹ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂದದ್ದನ್ನು ಮಾತ್ರ ಗಮನಿಸಿದ್ದೇನೆ. ಈಗ, ಈ ಪತ್ರ ಬರೆಯುತ್ತ, ಒಲೆಯ ಮೇಲಿಟ್ಟದ್ದನ್ನು ಮರೆತಿದ್ದೆ. ಅವಳು ಮಲಗಿದ ಕೋಣೆಯಿಂದ ಅಡುಗೆಮನೆ ಕಾಣುವುದಿಲ್ಲ. ಅಲ್ಲಿಂದ ಕೂಗಿದಳು: “ಅಪ್ಪಾ, ಒಗ್ಗರಣಿ ಹೊತ್ತಾಕತ್ತೈತಿ! ನಿನ್ನ ಮೂಗೂ ಗೈರಾತೇನ?” ಒಲೆ ಆರಿಸಿ ಬಂದು ಅವಳ ಪುಸ್ತಕ ತೆಗೆದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮೂರನೆಯ ದಿನ, ಹದಿನಾರರಂದು, ನೀವು ಬೀಳುತ್ತೀರಿ, ಹೆದರಬೇಡಿ. ಪೆನ್ನು ಹಿಡಿಯಲಾಗದಿದ್ದರೆ ನಾದಿನಿಯಿಂದ ಬರೆಸಿ. ಆಕೆಯ ನಾಲಿಗೆ ಚುರುಕು, ಕೈಯೂ ಚುರುಕಿದ್ದೀತು. ಸುಧಾರಿಸಿಕೊಂಡ ಮೇಲೆ ಬೋರ್ಡಿಗೆ ಮತ್ತೆ ಅರ್ಜಿ ಹಾಕಿ. ನಿಮ್ಮನ್ನು ನೋಡುವ ಮೊದಲು ಪುಸ್ತಕ ನೋಡಲಿ, ಅಡ್ಡಲಾಗಿ. ರದ್ದಿಯವನು ಬಂದರೆ ಹಳೆಯ ಪೇಪರ್ ಕೊಡಿ. ಗೈರು ಎಂದು ಬರೆಯಲಿಕ್ಕೂ ಒಬ್ಬರು ಹಾಜರಿರಬೇಕಲ್ಲ.

ಮಗಳ ಪುಸ್ತಕ ಪಕ್ಕದಲ್ಲೇ ತೆರೆದಿದೆ. ಹಾಜರಿಯನ್ನು ಸಂಜೆಯೇ ಕರೆಯಬೇಕೆನ್ನುವುದು ನೀವು ಹಾಕಿಕೊಟ್ಟ ಪದ್ಧತಿ, ಈವರೆಗೆ ಮೀರಿಲ್ಲ. ಇವತ್ತೊಂದು ದಿನ, ನಿಮ್ಮ ಅಪ್ಪಣೆಯಿದ್ದರೆ, ಮೂಗಿನ ಚೌಕವನ್ನು ಮಧ್ಯಾಹ್ನವೇ ತುಂಬುತ್ತೇನೆ.

ನಿಮ್ಮ ಓದುಗ,
ನಿಂಗಬಸಪ್ಪ ಕೋಟುಮಚಗಿ